ಕಾಯಕ ಯಾರದೋ ಪರವಾನಗಿ ಅವರದಾಗಲಿ

ಕಾಯಕವನ್ನು ಕುರಿತು ನಮ್ಮಲ್ಲಿ ನಡೆಯುವ ಪ್ರವಚನಗಳಿಗೆ ಕೊರತೆಯಿಲ್ಲ. ಶ್ರಾವಣ ಮಾಸ ಬಂದಿತೆಂದರೆ ಊರೂರಿನ ಮಠಗಳಲ್ಲಿ ತಿಂಗಳುಗಟ್ಟಲೆ ಅದೇ ವಿಷಯ ನಿರೂಪಣೆಗೊಳ್ಳುತ್ತದೆ. ಆದರೆ ಕಾಯಕ ನಡೆಯುವ ಸ್ಥಳ, ಆ ಸ್ಥಳಕ್ಕೆ ಸರಕಾರದಿಂದ ಪಡೆಯಬೇಕಾದ ಅಪ್ಪಣೆ, ಆ ಅಪ್ಪಣೆಯ ಕಾಗದದ ಮೇಲೆ ಬರೆದಿರುವ ಹೆಸರು, ಇವುಗಳನ್ನು ಕುರಿತು ಸದ್ಭಕ್ತರಿಗೆ ಹೇಳುವವರು ವಿರಳ. ಇದು ವಕೀಲರ ವಿಷಯ, ಶಾಸ್ತ್ರಿಗಳದ್ದಲ್ಲ ಎಂದು ಕೆಲವರು ಭಾವಿಸಬಹುದು. ಕಳೆದ ಕೆಲವು ವರ್ಷಗಳಲ್ಲಿ ನನ್ನ ಬಳಿ ಬಂದು ಕಣ್ಣೀರಿಟ್ಟ ಕುಟುಂಬಗಳ ಸಂಖ್ಯೆಯನ್ನು ನೆನೆದರೆ ನನಗೆ ಹಾಗನ್ನಿಸುವುದಿಲ್ಲ. ಮನೆಯ ಹಿರಿಯರು ಲಿಂಗೈಕ್ಯರಾದ ಮೇಲೆ, ಅಥವಾ ರಸ್ತೆ ಅಗಲೀಕರಣದಲ್ಲಿ ಅಂಗಡಿ ಹೋದ ಮೇಲೆ, ಅಥವಾ ಅಣ್ಣತಮ್ಮಂದಿರು ಬೇರೆಯಾದ ಮೇಲೆ, ಹಳೆಯ ಪರವಾನಗಿಯನ್ನು ಗೋಡೆಗೆ ತೂಗುಹಾಕಿಕೊಂಡು ಹೊಸ ಜಾಗದಲ್ಲಿ ವ್ಯಾಪಾರ ಮಾಡುತ್ತ ಕುಳಿತು ತೊಂದರೆಗೆ ಸಿಕ್ಕವರು ಅವರೆಲ್ಲ.

ವ್ಯಾಪಾರಕ್ಕೆ ಅಪ್ಪಣೆ, ತೆರಿಗೆ, ಲೆಕ್ಕ ಎಂಬುವು ಆಂಗ್ಲರಿಂದ ಬಂದವೆಂದು ತಿಳಿಯುವುದು ಸರಿಯಲ್ಲ. ಕನ್ನಡ ಶಾಸನಗಳನ್ನು ಓದಿದವರಿಗೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಶಬ್ದಗಳು ಪರಿಚಿತ. ಅಯ್ಯಾವೊಳೆಯ ಐನೂರ್ವರಂತಹ ವರ್ತಕ ಸಂಘಗಳು ತಮ್ಮ ವ್ಯಾಪಾರಕ್ಕೆ ತಾವೇ ಕಟ್ಟುಪಾಡು ವಿಧಿಸಿಕೊಂಡು ನಡೆದ ನಾಡು ಇದು. ಬಸವಣ್ಣನವರೇ ಕರಣಿಕರಾಗಿ, ಭಂಡಾರಿಗಳಾಗಿ ರಾಜ್ಯದ ಲೆಕ್ಕವನ್ನು ಕಂಡವರು. ಸೊಡ್ಡಳ ಬಾಚರಸರು ಬಿಜ್ಜಳನಲ್ಲಿ ಕರಣಿಕರಾಗಿದ್ದರು. ಇನ್ನು ವ್ಯಾಪಾರದ ಸ್ಥಳವನ್ನೇ ಬದಲಿಸಿದವರೆಂದರೆ ಆದಯ್ಯನವರು. ಸೌರಾಷ್ಟ್ರದಿಂದ ಸರಕು ಹೇರಿಕೊಂಡು ಪುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದು ನೆಲೆನಿಂತ ಆ ವರ್ತಕ ಶರಣರ ಕಥೆಯೇ ರಾಘವಾಂಕನ ‘ಸೋಮನಾಥ ಚರಿತ್ರೆ’ಗೆ ವಸ್ತುವಾಯಿತು. ಲೆಕ್ಕಪತ್ರವನ್ನು ಕೀಳೆಂದು ಕಾಣುವ ಪರಂಪರೆ ನಮ್ಮದಲ್ಲ ಎಂಬುದಕ್ಕೆ ಇಷ್ಟು ಸಾಕು.

ಈಗ ವಿಷಯಕ್ಕೆ ಬರೋಣ. ನಗರಗಳಲ್ಲಿ ಮಹಾನಗರ ಪಾಲಿಕೆ, ಸಣ್ಣ ಊರುಗಳಲ್ಲಿ ನಗರಸಭೆ ಅಥವಾ ಪುರಸಭೆ ಕೊಡುವ ಕಾಗದಕ್ಕೆ ‘ಉದ್ದಿಮೆ ಪರವಾನಗಿ’ ಎಂದು ಹೆಸರು. ಜನರ ಬಾಯಲ್ಲಿ ಅದು ಟ್ರೇಡ್ ಲೈಸನ್ಸ್. ಪಾಲಿಕೆಗಳಿಗೆ 1976ರ ಕರ್ನಾಟಕ ಪೌರ ನಿಗಮಗಳ ಕಾಯಿದೆ ಅನ್ವಯಿಸುತ್ತದೆ. ಅದರ 353ನೆಯ ಪ್ರಕರಣದಂತೆ ಹತ್ತನೆಯ ಅನುಸೂಚಿಯಲ್ಲಿ ಹೇಳಿದ ಯಾವ ಉದ್ದೇಶಕ್ಕೂ ಪರವಾನಗಿಯಿಲ್ಲದೆ ಒಂದು ಆವರಣವನ್ನು ಬಳಸತಕ್ಕದ್ದಲ್ಲ. ನಗರಸಭೆ, ಪುರಸಭೆಗಳಿಗೆ 1964ರ ಪುರಸಭೆಗಳ ಕಾಯಿದೆ, ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯಿದೆ. ಬೆಂಗಳೂರಿನಲ್ಲಿರುವ ನಮ್ಮ ಬಂಧುಗಳು ಇನ್ನೊಂದು ಮಾತನ್ನು ಗಮನಿಸಬೇಕು. 2025ರಲ್ಲಿ ಅಲ್ಲಿನ ಬೃಹತ್ ಮಹಾನಗರ ಪಾಲಿಕೆಯ ವ್ಯವಸ್ಥೆ ಹೋಗಿ ಐದು ನಗರ ಪಾಲಿಕೆಗಳು ರಚನೆಯಾದವು. ಹಳೆಯ ಪರವಾನಗಿಯ ನೆತ್ತಿಯ ಮೇಲಿರುವ ಹೆಸರಿನ ಕಚೇರಿ ಈಗಿಲ್ಲವಾದ್ದರಿಂದ ತಮ್ಮ ಅಂಗಡಿ ಯಾವ ಪಾಲಿಕೆಯ ವ್ಯಾಪ್ತಿಗೆ ಬಂದಿದೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ತಿಳಿದುಕೊಳ್ಳುವುದು ಲೇಸು.

ಈ ಕಾಗದವನ್ನು ಸರಿಯಾಗಿ ಓದಿದರೆ ಅದರಲ್ಲಿ ಮೂರು ಸಂಗತಿಗಳಿರುವುದು ಕಾಣುತ್ತದೆ: ಯಾರು ನಡೆಸುತ್ತಾರೆ, ಎಲ್ಲಿ ನಡೆಸುತ್ತಾರೆ, ಏನು ನಡೆಸುತ್ತಾರೆ. ವ್ಯಕ್ತಿ, ಸ್ಥಳ, ಉದ್ದಿಮೆ ಈ ಮೂರೂ ಕೂಡಿದಾಗಲೇ ಅಪ್ಪಣೆ. ಮೂರರಲ್ಲಿ ಒಂದು ಬದಲಾದರೂ ಹಳೆಯ ಕಾಗದ ಹೊಸ ಸ್ಥಿತಿಯನ್ನು ಹೇಳುವುದಿಲ್ಲ. ಕಿರಾಣಿ ಅಂಗಡಿಯ ಪರವಾನಗಿ ಇಟ್ಟುಕೊಂಡು ಅದೇ ಜಾಗದಲ್ಲಿ ಖಾನಾವಳಿ ತೆರೆಯಲಾಗದು. ತಂದೆಯ ಹೆಸರಿನ ಪರವಾನಗಿಯಲ್ಲಿ ಮಗ ನಡೆಸಲಾಗದು. ಹಳೆ ಪೇಟೆಯ ಅಂಗಡಿಯ ಕಾಗದವನ್ನು ಹೊಸ ಬಡಾವಣೆಗೆ ಒಯ್ಯಲಾಗದು. ಹೊಲ ಮನೆಗಳು ತಂದೆಯಿಂದ ಮಕ್ಕಳಿಗೆ ಬರುವಂತೆ ಪರವಾನಗಿ ತಾನಾಗಿ ಬರುವುದಿಲ್ಲ, ಏಕೆಂದರೆ ಅದು ಆಸ್ತಿಯಲ್ಲ, ಅಪ್ಪಣೆ. ಅಂಗಡಿಯೊಳಗಿನ ಸರಕು, ಮಾಲೀಕರಲ್ಲಿಟ್ಟ ಮುಂಗಡ, ಗಿರಾಕಿಗಳಿಂದ ಬರಬೇಕಾದ ಬಾಕಿ, ಪಾತ್ರೆ ಪರಡಿ, ಇವು ಆಸ್ತಿ. ಈ ಒಂದು ಭೇದವನ್ನು ಮನೆಯವರೆಲ್ಲ ಅರಿತುಕೊಂಡರೆ ಮುಂದಿನ ಅರ್ಧ ಜಗಳಗಳು ಹುಟ್ಟುವುದಿಲ್ಲ.

ನಮ್ಮ ಕಡೆಯ ಒಂದು ಪಟ್ಟಣದಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಊರು, ಹೆಸರು ಬೇಡ. ಬಸ್ ನಿಲ್ದಾಣದ ಎದುರಿಗೆ ಒಂದು ಖಾನಾವಳಿ. ಉತ್ತರ ಕರ್ನಾಟಕದ ಲಿಂಗಾಯತ ಖಾನಾವಳಿ ಎಂದರೆ ಓದುಗರಿಗೆ ವಿವರಿಸಬೇಕಾಗಿಲ್ಲ: ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಪಲ್ಯ, ಶೇಂಗಾ ಚಟ್ನಿ, ಮೊಸರು. ಕಾಲೇಜು ಓದುವ ಹುಡುಗರು ತಿಂಗಳ ಲೆಕ್ಕದಲ್ಲಿ ಉಣ್ಣುತ್ತಿದ್ದರು. ಗಲ್ಲೆಯ ಮೇಲೆ ಯಜಮಾನರು, ಒಲೆಯ ಮುಂದೆ ಅವರ ಧರ್ಮಪತ್ನಿ. ಯಜಮಾನರು ಲಿಂಗೈಕ್ಯರಾದರು. ಅದರ ಮರುವರ್ಷವೇ ರಸ್ತೆ ಅಗಲವಾಗಿ ಅಂಗಡಿಯ ಮುಂಭಾಗ ಹೋಯಿತು. ಮಾರುಕಟ್ಟೆಯ ಹಿಂದೆ ಒಂದು ಮಳಿಗೆ ಬಾಡಿಗೆಗೆ ಸಿಕ್ಕಿತು. ಆ ತಾಯಿ ಒಲೆ ಹೂಡಿ, ರೊಟ್ಟಿ ಬಡಿಯಲು ಕುಳಿತೇಬಿಟ್ಟರು. ಪರವಾನಗಿ ಮಾತ್ರ ಯಜಮಾನರ ಹೆಸರಿನಲ್ಲಿ, ಹಳೆಯ ವಿಳಾಸದಲ್ಲಿ ಉಳಿದಿತ್ತು.

ನಿರೀಕ್ಷಕರು ಬಂದು ಕಾಗದ ಕೇಳಿದಾಗ ಮನೆಯಲ್ಲಿ ಕೂಟ ಸೇರಿತು. ಮೈದುನರು ಒಳ್ಳೆಯವರೇ. “ವೈನಿ, ನೀವು ಕಚೇರಿ ಅಡ್ಡಾಡೂದು ಬ್ಯಾಡ. ನನ್ನ ಹೆಸರಿಲೆ ಮಾಡಿಸಿಬಿಡ್ತೀನಿ, ನಡಸವರು ನೀವ ಇರ್ರಿ” ಎಂದರು. ಹಿರಿಯರು ತಲೆದೂಗಿದರು. ಇನ್ನೊಬ್ಬರು, ಇನ್ನೂ ಓದುತ್ತಿದ್ದ ಮಗನ ಹೆಸರಿಗೆ ಮಾಡಿಸಿರೆಂದರು. ಆ ತಾಯಿ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ನಮ್ಮಲ್ಲಿಗೆ ಬಂದರು. “ರೊಟ್ಟಿ ಬಡಿಯಾಕಿ ನಾನು, ಹೆಸರು ಮಾತ್ರ ಅವರದು ಅಂದ್ರ ಹ್ಯಾಂಗ್ರಿ ಶಾಸ್ತ್ರಿಗಳ? ನಾಳೆ ಯಾರರೆ ಇದು ನಮ್ಮದು ಅಂದ್ರ ನಾ ಯಾರಿಗೆ ಕೇಳಲಿ?” ಎಂದು ಅವರು ಕೇಳಿದ ಪ್ರಶ್ನೆಗೆ ಮಠದಲ್ಲಿ ಕಲಿತ ಯಾವ ಗ್ರಂಥದಲ್ಲಿಯೂ ನಾನು ಉತ್ತರ ಹುಡುಕಬೇಕಾಗಿರಲಿಲ್ಲ. ಆಯ್ದಕ್ಕಿ ಲಕ್ಕಮ್ಮನವರು ಗಂಡ ಹೆಚ್ಚು ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ನಾವು ಎಷ್ಟು ಸಲ ಹೇಳಿಲ್ಲ! ಕಾಯಕದ ಅಳತೆಯನ್ನು ನಿರ್ಣಯಿಸಿದವರು ಅಲ್ಲಿ ಹೆಂಡತಿ. ಅಂತಹ ಪರಂಪರೆಯ ಮನೆಯಲ್ಲಿ, ದುಡಿಯುವವಳು ಒಬ್ಬಳು, ಕಾಗದದಲ್ಲಿ ಕಾಣುವವನು ಇನ್ನೊಬ್ಬ ಎಂದಾದರೆ ಅದನ್ನು ಸತ್ಯಶುದ್ಧ ಕಾಯಕವೆನ್ನುವುದು ಹೇಗೆ?

ಧರ್ಮದ ಮಾತನ್ನು ಬಿಟ್ಟು ಕಾನೂನಿನ ದೃಷ್ಟಿಯಿಂದ ನೋಡಿದರೂ ಬೇರೆಯವರ ಹೆಸರು ಅಪಾಯಕರವೇ. ಪರವಾನಗಿ ಯಾರ ಹೆಸರಿನಲ್ಲಿದೆಯೋ ನೋಟೀಸು ಅವರಿಗೆ ಬರುತ್ತದೆ, ದಂಡವೂ ಅವರಿಗೆ. ಆ ಕಾಗದದ ಆಧಾರದ ಮೇಲೆ ಬ್ಯಾಂಕಿನ ಸಾಲ ಸಿಗುವುದೂ ಅವರಿಗೆ. ಉಪಕಾರ ಮಾಡಲು ಹೋದ ಮೈದುನರಿಗೆ ಕಷ್ಟ, ಉಪಕಾರ ಪಡೆದ ತಾಯಿಗೆ ನಷ್ಟ. ಈ ವಿಷಯದಲ್ಲಿ ನಮ್ಮ ಸಮಾಜದ ಹಿರಿಯರಿಗಿಂತ ಶಾಸನಸಭೆಯೇ ಮುಂದಿದೆ ಎನ್ನಬೇಕಾಗುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯಲ್ಲಿ, ಪ್ರಮಾಣಪತ್ರ ಪಡೆದ ವ್ಯಾಪಾರಿ ಮೃತನಾದರೆ ಆ ಪತ್ರದ ಅವಧಿ ಮುಗಿಯುವವರೆಗೆ ಕುಟುಂಬದಲ್ಲಿ ಯಾರು ವ್ಯಾಪಾರ ಮುಂದುವರಿಸಬಹುದು ಎಂಬುದಕ್ಕೆ ಕ್ರಮ ಹೇಳಿದೆ. ಅಲ್ಲಿ ಮೊದಲ ಸ್ಥಾನ ಪತಿ ಅಥವಾ ಪತ್ನಿಗೆ, ಅನಂತರ ಅವಲಂಬಿತ ಮಕ್ಕಳಿಗೆ.

ಆ ತಾಯಿ ತಮ್ಮ ಹೆಸರಿನಲ್ಲಿಯೇ ಅರ್ಜಿ ಹಾಕಿದರು. ಕಾಗದಗಳು ಎರಡು ಸಲ ಮರಳಿ ಬಂದವು: ಒಮ್ಮೆ ಮಳಿಗೆಯ ಮಾಲೀಕರ ಒಪ್ಪಿಗೆ ಪತ್ರವಿಲ್ಲವೆಂದು, ಇನ್ನೊಮ್ಮೆ ವಾರಸುದಾರರ ದಾಖಲೆಯಲ್ಲಿ ಹೆಸರಿನ ಒಂದು ಅಕ್ಷರ ಆಧಾರ್ ಕಾರ್ಡಿನೊಡನೆ ಹೊಂದುವುದಿಲ್ಲವೆಂದು. ಈ ಮಧ್ಯೆ ಖಾನಾವಳಿ ಒಂದು ತಿಂಗಳಿಗೆ ಸಮೀಪ ಮುಚ್ಚಿತ್ತು. ತಿಂಗಳ ಲೆಕ್ಕದ ಹುಡುಗರಲ್ಲಿ ಹಲವರು ಬೇರೆ ಕಡೆ ಹೋದರು. ಕಡೆಗೆ ಪರವಾನಗಿ ಬಂದಿತು. ಆ ಒಂದು ತಿಂಗಳ ಮುಚ್ಚುಗಡೆ ಅನಿವಾರ್ಯವಾಗಿರಲಿಲ್ಲ ಎಂಬುದೇ ನನ್ನ ಸಂಕಟ. ಅದಕ್ಕಾಗಿಯೇ ಮುಂದಿನ ವಿವರಗಳನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲನೆಯ ಮಾತು ಅವಧಿಯದು. ಅನ್ನದ ಉದ್ದಿಮೆ ನಡೆಸುವವರಿಗೆ ಪುರಸಭೆಯ ಪರವಾನಗಿಯಲ್ಲದೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಇನ್ನೊಂದು ಪರವಾನಗಿ ಅಥವಾ ನೋಂದಣಿ ಬೇಕು. ಹದಿನಾಲ್ಕು ಅಂಕಿಗಳ ಸಂಖ್ಯೆಯಿರುವ ಆ ಕಾಗದವನ್ನು ಹೋಟೆಲುಗಳ ಗೋಡೆಯ ಮೇಲೆ ಎಲ್ಲರೂ ನೋಡಿದ್ದೀರಿ. ಆ ಕಾಯಿದೆಯ 31ನೆಯ ಪ್ರಕರಣದಲ್ಲಿ ದುಃಖದಲ್ಲಿರುವ ಕುಟುಂಬಕ್ಕೆ ಒಂದು ದಯೆಯ ಮಾತಿದೆ. ಪರವಾನಗಿದಾರನು ಮೃತನಾದರೆ ಆ ಪರವಾನಗಿಯು ಅವನ ಪ್ರತಿನಿಧಿಗೆ ಅಥವಾ ಕುಟುಂಬದ ಬೇರೊಬ್ಬ ಸದಸ್ಯನಿಗೆ ಅನುಕೂಲವಾಗುವಂತೆ ಮೂರು ತಿಂಗಳವರೆಗೆ ಜೀವಂತವಾಗಿರುತ್ತದೆ. ಅಧಿಕಾರಿ ಅನುಮತಿಸಿದರೆ ಇನ್ನೂ ಹೆಚ್ಚು ಕಾಲ. ಈ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಒಲೆ ಆರಿಸಬೇಕಾಗಿಲ್ಲ. ನಮ್ಮಲ್ಲಿ ಶಿವಗಣಾರಾಧನೆ ಮುಗಿಯುವುದರೊಳಗೆ ಯಾರೂ ಕಾಗದಪತ್ರದ ಮಾತೆತ್ತುವುದಿಲ್ಲ. ಅದು ಸಹಜ. ಆದರೆ ವರ್ಷಾಂತಿಕದವರೆಗೂ ಎತ್ತದಿರುವುದು ಸರಿಯಲ್ಲ. ಸ್ಥಳ ಬದಲಾವಣೆಗೆ ಬಂದರೆ, ಪ್ರತಿಯೊಂದು ಆವರಣಕ್ಕೂ ಪ್ರತ್ಯೇಕ ಪರವಾನಗಿ ಎಂಬುದು ಆಹಾರ ಕಾಯಿದೆಯ ಕ್ರಮವಾದುದರಿಂದ, ಹೊಸ ಜಾಗಕ್ಕೆ ಹೋಗುವ ಮೊದಲೇ ಅರ್ಜಿಯ ಸಿದ್ಧತೆ ಆಗಬೇಕು.

ಮರಣವನ್ನು ಇಪ್ಪತ್ತೊಂದು ದಿನಗಳೊಳಗೆ ವರದಿ ಮಾಡಿ ಮರಣ ಪ್ರಮಾಣಪತ್ರ ಪಡೆಯುವುದು ಎಲ್ಲಕ್ಕೂ ಮೂಲ. ಅದರ ಹತ್ತಾರು ಪ್ರತಿಗಳನ್ನು ಮಾಡಿಸಿಟ್ಟುಕೊಳ್ಳಿರಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡುವಾಗ ಪ್ರತಿಯೊಬ್ಬರ ಹೆಸರೂ ಆಧಾರ್ ಕಾರ್ಡಿನಲ್ಲಿರುವಂತೆಯೇ ಇರಲಿ. ನಮ್ಮಲ್ಲಿ ಒಬ್ಬರೇ ವ್ಯಕ್ತಿ ಒಂದು ಕಡೆ ಬಸಪ್ಪ, ಇನ್ನೊಂದು ಕಡೆ ಬಸವರಾಜ, ಮತ್ತೊಂದು ಕಡೆ ಬಸವಣ್ಣೆಪ್ಪ ಆಗಿರುವುದು ಮಾಮೂಲು. ಮನೆಮಂದಿಗೆ ಅದು ಪ್ರೀತಿ, ಗುಮಾಸ್ತರಿಗೆ ಅದು ಮೂವರು ಬೇರೆ ಬೇರೆ ಮನುಷ್ಯರು.

ವಂಶವೃಕ್ಷದ ಮಾತು ಬಂದುದರಿಂದ ಇಲ್ಲಿ ನಿಂತು ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ತನ್ನ ಎರಡನೆಯ ಪ್ರಕರಣದಲ್ಲಿಯೇ ಎತ್ತಿ ಹೇಳಿ ನಮಗೆ ಅನ್ವಯಿಸುತ್ತದೆ. ಧರ್ಮದ ಸ್ಥಾನಮಾನದ ಚರ್ಚೆ ಬೇರೆ, ಆಸ್ತಿ ಹಂಚಿಕೆಗೆ ಇಂದು ಇರುವ ಕಾನೂನು ಇದು. ಗಂಡನು ಉಯಿಲು ಬರೆಯದೆ ಲಿಂಗೈಕ್ಯನಾದರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವನ ತಾಯಿ, ಇವರೆಲ್ಲರಿಗೂ ಸಮನಾದ ಪಾಲು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕವು 1994ರಲ್ಲಿಯೇ ತಂದಿತು. ದೇಶಕ್ಕೆಲ್ಲ ಅದು 2005ರಲ್ಲಿ ಬಂದಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕಿಗೆ ತಂದೆ 2005ರಲ್ಲಿ ಬದುಕಿರಬೇಕೆಂಬ ಷರತ್ತು ಇಲ್ಲವೆಂದು ತೀರ್ಪಿತ್ತಿತು.

ಪರವಾನಗಿಗೂ ಇದಕ್ಕೂ ಏನು ಸಂಬಂಧವೆಂದರೆ, ಪರವಾನಗಿಯನ್ನು ಒಬ್ಬರ ಹೆಸರಿಗೆ ಮಾಡಿಸುವಾಗ ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನು ಕಚೇರಿಗಳು ಕೇಳುತ್ತವೆ. ಅದನ್ನು ಬರೆಯುವ ಅರ್ಜಿ ಬರಹಗಾರರು ರೂಢಿಯಂತೆ ‘ನಮಗೆ ಯಾವ ಹಕ್ಕೂ ಇರುವುದಿಲ್ಲ, ಮುಂದೆ ಯಾವ ತಕರಾರೂ ಮಾಡುವುದಿಲ್ಲ’ ಎಂದು ಎಲ್ಲವನ್ನೂ ಸೇರಿಸಿ ಬರೆದುಬಿಡುತ್ತಾರೆ. ಕೊಟ್ಟ ಮನೆಯಿಂದ ದುಃಖಕ್ಕೆ ಬಂದ ಹೆಣ್ಣುಮಗಳು ಅಳುತ್ತಲೇ ಸಹಿ ಮಾಡುತ್ತಾಳೆ. ಇದು ಆಗಬಾರದು. ಒಪ್ಪಿಗೆ ಪತ್ರದಲ್ಲಿ ಇಂಥ ಹೆಸರಿನ ಅಂಗಡಿಯ ಉದ್ದಿಮೆ ಪರವಾನಗಿಯು ಇಂಥವರ ಹೆಸರಿಗೆ ಆಗಲು ನಮ್ಮ ಅಭ್ಯಂತರವಿಲ್ಲ ಎಂಬಷ್ಟೇ ಇರಲಿ. ಸ್ಥಿರಾಸ್ತಿಯ ಹಕ್ಕು ಬಿಡುವುದಕ್ಕೆ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಬೇಕು. ಬಿಡುವವರು ಅರಿತು, ಮನಸ್ಸಾರೆ, ಬೇರೊಂದು ದಿನ ಮಾಡಬೇಕಾದ ಕಾರ್ಯ ಅದು. ಅಂಗಡಿಯ ಕಾಗದದ ನೆಪದಲ್ಲಿ ಅಕ್ಕತಂಗಿಯರ ಸಹಿ ಪಡೆದುಕೊಂಡು ಆಮೇಲೆ ‘ನೀವೇ ಬರೆದುಕೊಟ್ಟಿದ್ದೀರಿ’ ಎನ್ನುವ ಅಣ್ಣತಮ್ಮಂದಿರು ಇಷ್ಟಲಿಂಗ ಪೂಜೆಗೆ ಕುಳಿತಾಗ ಏನನ್ನು ಧ್ಯಾನಿಸುತ್ತಾರೋ ಶಿವನೇ ಬಲ್ಲ.

ಎರಡನೆಯದು ಮಳಿಗೆಯ ಮಾಲೀಕರ ಪತ್ರ. ಬಾಡಿಗೆ ಕರಾರು ಪತ್ರ, ಮಾಲೀಕರ ಒಪ್ಪಿಗೆ ಪತ್ರ, ಆ ಕಟ್ಟಡದ ತೆರಿಗೆ ಕಟ್ಟಿದ ರಶೀದಿ, ಉತಾರ ಅಥವಾ ಖಾತೆಯ ನಕಲು, ಇವು ಹೊಸ ಸ್ಥಳಕ್ಕೆ ಬೇಕಾಗುವ ಕಾಗದಗಳು. ಮಾಲೀಕರು ತೆರಿಗೆ ಬಾಕಿ ಇಟ್ಟಿದ್ದರೆ ಬಾಡಿಗೆದಾರನ ಅರ್ಜಿ ಅಲ್ಲಿಯೇ ತಡೆಯಬಹುದು. ಮುಂಗಡ ಕೊಡುವ ಮುನ್ನ ರಶೀದಿ ತೋರಿಸಿರೆಂದು ಕೇಳುವುದರಲ್ಲಿ ಸಂಕೋಚ ಬೇಡ. ಎಲ್ಲರೂ ಹನ್ನೊಂದು ತಿಂಗಳ ಕರಾರನ್ನೇ ಏಕೆ ಬರೆಯುತ್ತಾರೆಂದು ಹಲವರು ಕೇಳುತ್ತಾರೆ. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು; ಅದನ್ನು ತಪ್ಪಿಸುವುದಕ್ಕೆ ಹನ್ನೊಂದು ತಿಂಗಳು. ಸಾವಿರಾರು ರೂಪಾಯಿ ವೆಚ್ಚಮಾಡಿ ಒಲೆ, ನೀರಿನ ತೊಟ್ಟಿ, ಹೊಗೆಗೂಡು ಕಟ್ಟಿಸುವ ಖಾನಾವಳಿಯವರು ಮೂರೋ ಐದೋ ವರ್ಷಗಳ ನೋಂದಾಯಿತ ಕರಾರನ್ನೇ ಮಾಡಿಕೊಳ್ಳುವುದು ವಿವೇಕ. ವೆಚ್ಚ ಸ್ವಲ್ಪ ಆಗುತ್ತದೆ, ರಾತ್ರಿ ನಿದ್ರೆ ಬರುತ್ತದೆ.

ಇಲ್ಲಿ ನಮ್ಮ ಮಠಗಳಿಗೂ ಒಂದು ವಿನಂತಿ. ಅನೇಕ ಊರುಗಳಲ್ಲಿ ಪೇಟೆಯ ಮಳಿಗೆಗಳ ಮಾಲೀಕರು ಮಠಗಳೇ. ಬಾಡಿಗೆದಾರರು ಮೃತರಾದಾಗ ಅವರ ವಿಧವೆಯ ಹೆಸರಿಗೆ ಕರಾರು ಬದಲಿಸಿ ಒಪ್ಪಿಗೆ ಪತ್ರ ಕೊಡುವುದಕ್ಕೆ ತಿಂಗಳುಗಟ್ಟಲೆ ಕಾಯಿಸುವುದು, ಕಮಿಟಿಯ ಸಭೆ ಸೇರಲಿ ಎನ್ನುವುದು, ಹೊಸ ಮುಂಗಡ ಕೇಳುವುದು ಶೋಭೆಯಲ್ಲ. ದಾಸೋಹಕ್ಕೆ ಅಕ್ಕಿ ಬೇಳೆ ಕೊಟ್ಟ ಅದೇ ಕುಟುಂಬ ಒಂದು ಹಾಳೆ ಕಾಗದಕ್ಕಾಗಿ ಮಠದ ಕಾರ್ಯಾಲಯದ ಬಾಗಿಲಲ್ಲಿ ನಿಲ್ಲುವುದನ್ನು ನಾನು ಕಂಡಿದ್ದೇನೆ. ಮಠದಲ್ಲಿಯೇ ಉಂಡು ಬೆಳೆದವನು ನಾನಾದುದರಿಂದ ಈ ಮಾತನ್ನು ಹೇಳುವ ಅಧಿಕಾರ ನನಗಿದೆ ಎಂದು ಭಾವಿಸುತ್ತೇನೆ.

ಸ್ವಂತ ಮನೆಯ ಮುಂದಿನ ಕೋಣೆಯಲ್ಲಿಯೇ ಅಂಗಡಿ ತೆರೆಯುವೆನೆನ್ನುವವರು ಮೊದಲು ಊರಿನ ಮಹಾಯೋಜನೆಯಲ್ಲಿ ಆ ಬೀದಿ ವಾಸದ ವಲಯವೋ ವಾಣಿಜ್ಯ ವಲಯವೋ ಎಂಬುದನ್ನು ವಿಚಾರಿಸಬೇಕು. ಮನೆಯ ತೆರಿಗೆ, ವಿದ್ಯುತ್ತಿನ ದರ ಎರಡೂ ವಾಣಿಜ್ಯಕ್ಕೆ ಬೇರೆ. ಗೃಹಬಳಕೆಯ 14.2 ಕಿಲೋ ಸಿಲಿಂಡರನ್ನು ಖಾನಾವಳಿಯಲ್ಲಿ ಉರಿಸುವಂತಿಲ್ಲ. ಅದಕ್ಕೆ 19 ಕಿಲೋದ ವಾಣಿಜ್ಯ ಸಿಲಿಂಡರು. ಇದರಲ್ಲಿ ಉಳಿತಾಯ ನೋಡಲು ಹೋಗಿ ಪರವಾನಗಿಯನ್ನೇ ಕಳೆದುಕೊಳ್ಳುವುದು ಬೇಡ. ಆರೋಗ್ಯ ನಿರೀಕ್ಷಕರು ಬಂದಾಗ ನೋಡುವುದು ಕುಡಿಯುವ ನೀರು, ಚರಂಡಿ, ಹೊಗೆ ಹೊರಹೋಗುವ ದಾರಿ, ಪಾತ್ರೆ ತೊಳೆಯುವ ಸ್ಥಳ. ಅಡುಗೆಯವರೂ ಬಡಿಸುವವರೂ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಂಡ ಪತ್ರವಿರಬೇಕು. ಮಡಿಮೈಲಿಗೆಯನ್ನು ಶರಣರು ತಳ್ಳಿಹಾಕಿದರು, ಶುಚಿತ್ವವನ್ನಲ್ಲ.

ಮೂರನೆಯದು ಸರಕು ಮತ್ತು ಸೇವಾ ತೆರಿಗೆ, ಎಂದರೆ ಜಿಎಸ್‌ಟಿ. ನೋಂದಣಿ ಪಡೆದವರು ವ್ಯಾಪಾರದ ಮುಖ್ಯ ಸ್ಥಳ ಬದಲಿಸಿದರೆ ಹದಿನೈದು ದಿನಗಳೊಳಗೆ ನಮೂನೆ ರೆಗ್-14ರಲ್ಲಿ ತಿಳಿಸಬೇಕು. ಇದು ಸುಲಭ. ಆದರೆ ಮಾಲೀಕರೇ ಬದಲಾದರೆ ತಿದ್ದುಪಡಿ ನಡೆಯುವುದಿಲ್ಲ. ಈ ನೋಂದಣಿ ಪ್ಯಾನ್ ಸಂಖ್ಯೆಯ ಮೇಲೆ ನಿಂತಿದೆ. ಏಕಮಾಲೀಕತ್ವದ ಅಂಗಡಿಯಲ್ಲಿ ತಂದೆಯ ಪ್ಯಾನ್ ತಂದೆಯದು, ಮಗನದು ಮಗನದು. ಆದುದರಿಂದ ವಾರಸುದಾರರು ತಮ್ಮ ಹೆಸರಿನಲ್ಲಿ ಹೊಸ ನೋಂದಣಿ ಪಡೆಯಬೇಕು, ಹಳೆಯದರ ರದ್ದತಿಗೆ ರೆಗ್-16ರಲ್ಲಿ ಅರ್ಜಿ ಕೊಡಬೇಕು. ತಂದೆಯ ಲೆಕ್ಕದಲ್ಲಿ ಉಳಿದಿರುವ ಹೂಡುವಳಿ ತೆರಿಗೆಯ ಜಮೆ ನಷ್ಟವಾಗುವುದಿಲ್ಲ. ಐಟಿಸಿ-02 ಎಂಬ ನಮೂನೆಯಿಂದ ಅದನ್ನು ಹೊಸ ಲೆಕ್ಕಕ್ಕೆ ವರ್ಗಾಯಿಸಿಕೊಳ್ಳಬಹುದೆಂದು 2019ರ ಮಾರ್ಚ್ 28ರ ಕೇಂದ್ರ ಮಂಡಳಿಯ ಸುತ್ತೋಲೆ ತಿಳಿಸಿದೆ. ಹಳೆಯದನ್ನು ಅವಸರದಿಂದ ಮೊದಲೇ ರದ್ದುಮಾಡಿಸಿದವರಿಗೆ ಈ ವರ್ಗಾವಣೆ ತೊಡಕಾಗುತ್ತದೆ. ಹೊಸದು, ವರ್ಗಾವಣೆ, ರದ್ದತಿ ಎಂಬ ಕ್ರಮ ತಪ್ಪದಿರಲಿ. ದೊಡ್ಡ ಸರಕಿನ ವರ್ತಕರಿಗೆ ಇದು ಲಕ್ಷಗಳ ಮಾತು.

ಗೋಡೆಗೆ ಅಂಟಿಸಿದ ಚೌಕದ ಚೀಟಿಯ ಸಂಗತಿ ಇನ್ನೂ ಸೂಕ್ಷ್ಮವಾದುದು. ಗಿರಾಕಿ ಮೊಬೈಲನ್ನು ಹಿಡಿದರೆ ಹಣ ಹೋಗುತ್ತದಲ್ಲ, ಆ ಕ್ಯೂಆರ್ ಚೀಟಿ. ಯಜಮಾನರು ತೀರಿಕೊಂಡು ತಿಂಗಳುಗಳು ಕಳೆದರೂ ಹಣ ಅವರ ಖಾತೆಗೇ ಬೀಳುತ್ತಿರುತ್ತದೆ. ಬ್ಯಾಂಕಿಗೆ ಮರಣದ ಸಂಗತಿ ತಿಳಿದ ದಿನ ಖಾತೆ ಸ್ಥಗಿತವಾಗುತ್ತದೆ, ಆಗ ದುಡಿದ ಹಣ ಕೈಗೆ ಸಿಗದು. ನಾಮನಿರ್ದೇಶಿತರಾಗಿ ಹೆಸರಿದ್ದವರು ಹಣ ಪಡೆಯಬಹುದು, ಆದರೆ ಪಡೆದ ಮಾತ್ರಕ್ಕೆ ಅದು ಅವರೊಬ್ಬರದೇ ಆಗುವುದಿಲ್ಲ, ವಾರಸುದಾರರೆಲ್ಲರ ಪರವಾಗಿ ಪಡೆದಂತೆ. ಇದನ್ನು ತಪ್ಪಿಸಲೆಂದು ಕಾಲೇಜಿಗೆ ಹೋಗುವ ಮಗನ ಖಾತೆಯ ಚೀಟಿಯನ್ನು ಅಂಟಿಸುವವರಿದ್ದಾರೆ. 2025ರ ಜುಲೈ ತಿಂಗಳಿನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಇಂತಹ ಪಾವತಿಗಳ ಮೊತ್ತವನ್ನು ನೋಡಿಯೇ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿ ರಾಜ್ಯದಲ್ಲೆಲ್ಲ ಕೋಲಾಹಲವಾದುದನ್ನು ಓದುಗರು ಮರೆತಿರಲಾರರು. ಅಂದು ನೋಟೀಸುಗಳಿಗೆ ಆಧಾರವಾದ ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಖಾನಾವಳಿಯ ಊಟ ಸೇವೆಯ ಲೆಕ್ಕಕ್ಕೆ ಸೇರುತ್ತದೆ. ಅಂಗಡಿಯ ಹಣವನ್ನೂ ಮನೆಯ ಕೈಗಡವನ್ನೂ ಒಂದೇ ಖಾತೆಯಲ್ಲಿ ಬೆರೆಸಿದವರು ವಿವರಣೆ ಕೊಡುವಾಗ ಹೆಚ್ಚು ಕಷ್ಟಪಟ್ಟರು. ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರದೇ ಹೆಸರಿನ ಪ್ರತ್ಯೇಕ ಖಾತೆ, ಅದರದೇ ಚೀಟಿ ಇರತಕ್ಕದ್ದು.

ಇವಲ್ಲದೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಡಿ ಕಾರ್ಮಿಕ ಇಲಾಖೆಯ ನೋಂದಣಿಯಲ್ಲಿಯೂ ಬದಲಾವಣೆಯನ್ನು ನಿಗದಿತ ಅವಧಿಯೊಳಗೆ ತಿಳಿಸಬೇಕು. ತಕ್ಕಡಿಯಿದ್ದವರು ಅದರ ಮುದ್ರೆ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಬೇಕು. ಹೊಸ ಜಾಗಕ್ಕೆ ಹೊಸ ಫಲಕ ಬರೆಸುವಾಗ ಅದರಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂಬುದು 2024ರ ತಿದ್ದುಪಡಿಯ ನಂತರದ ಕಾನೂನು. ನಮ್ಮ ಖಾನಾವಳಿಗಳಿಗೆ ಇದು ಹೊರೆಯಲ್ಲ, ಅವುಗಳ ಫಲಕದಲ್ಲಿ ಕನ್ನಡವಲ್ಲದೆ ಬೇರೆ ಭಾಷೆ ಇದ್ದುದೇ ಕಡಿಮೆ.

ಇನ್ನು ಕಚೇರಿಯ ವ್ಯವಹಾರ. ಅರ್ಜಿಗಳು ಈಗ ಬಹುಮಟ್ಟಿಗೆ ಗಣಕಯಂತ್ರದ ಮೂಲಕವೇ ಹೋಗುತ್ತವೆ. ಅದು ಬಾರದವರು ಮಕ್ಕಳಿಂದ ಮಾಡಿಸಬಹುದು. ಆದರೆ ಮೊಬೈಲ್ ಸಂಖ್ಯೆಯ ಕಲಂನಲ್ಲಿ ಅಂಗಡಿ ನಡೆಸುವವರ ಸಂಖ್ಯೆಯೇ ಇರಲಿ, ಮಧ್ಯವರ್ತಿಯದು ಬೇಡ. ಆಕ್ಷೇಪಣೆಯ ಸಂದೇಶ ಬರುವುದು ಆ ಸಂಖ್ಯೆಗೆ. ಮಧ್ಯವರ್ತಿಗಳು ಅದನ್ನು ತಮ್ಮಲ್ಲಿಯೇ ಇಟ್ಟುಕೊಂಡು ‘ಸಾಹೇಬರು ಇನ್ನಷ್ಟು ಕೇಳುತ್ತಿದ್ದಾರೆ’ ಎನ್ನುವುದು ಹಳೆಯ ವಿದ್ಯೆ. ಹಳೆಯ ಪರವಾನಗಿಯನ್ನು ಹಾಗೆಯೇ ಬಿಡದೆ, ಇಂಥ ದಿನದಿಂದ ಆ ಸ್ಥಳದಲ್ಲಿ ಉದ್ದಿಮೆ ನಿಲ್ಲಿಸಿದ್ದೇವೆಂದು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಇಲ್ಲದಿದ್ದರೆ ಆ ವಿಳಾಸದ ಶುಲ್ಕ ವರ್ಷ ವರ್ಷವೂ ಬಾಕಿಯಾಗಿ ಕಾಣುವ ಸಂಭವವಿದೆ. ಉದ್ದಿಮೆ ಪರವಾನಗಿಯ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಸ್ಥಳಾಂತರದ ಯೋಚನೆ ಇದ್ದವರು ಜನವರಿ, ಫೆಬ್ರುವರಿಯಲ್ಲಿಯೇ ಆರಂಭಿಸಿದರೆ ನವೀಕರಣದ ಶುಲ್ಕವನ್ನು ಹಳೆಯದಕ್ಕೊಮ್ಮೆ ಹೊಸದಕ್ಕೊಮ್ಮೆ ಕಟ್ಟುವ ಪ್ರಸಂಗ ಬಾರದು.

ಅರ್ಜಿ ಕೊಟ್ಟೊಡನೆ ಸಕಾಲದ ರಶೀದಿ ಕೇಳಿ ಪಡೆಯಿರಿ. 2011ರ ಸಕಾಲ ಕಾಯಿದೆ 2012ರ ಏಪ್ರಿಲ್‌ನಿಂದ ರಾಜ್ಯದಲ್ಲೆಲ್ಲ ಜಾರಿಯಲ್ಲಿದ್ದು ಉದ್ದಿಮೆ ಪರವಾನಗಿಯೂ ಅದರ ಸೇವೆಗಳಲ್ಲಿ ಸೇರಿದೆ. ರಶೀದಿಯಲ್ಲಿ ಹದಿನೈದು ಅಂಕಿಗಳ ಸಂಖ್ಯೆಯೂ ಸೇವೆ ದೊರೆಯಬೇಕಾದ ದಿನಾಂಕವೂ ಇರುತ್ತವೆ. ಆ ದಿನ ಮೀರಿದರೆ, ಅಥವಾ ಅರ್ಜಿಯನ್ನು ತಿರಸ್ಕರಿಸಿದರೆ, ಮೊದಲು ಸಕ್ಷಮ ಅಧಿಕಾರಿಗೆ, ಅಲ್ಲಿಯೂ ಪರಿಹಾರವಾಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ತಡವಾದ ಪ್ರತಿದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರವೆಂದು ಕಾಯಿದೆ ಹೇಳುತ್ತದೆ. ಮೊತ್ತ ಅಲ್ಪ. ಆದರೆ ಅದು ಹೊಣೆಗಾರ ನೌಕರನ ಸಂಬಳದಿಂದ ವಸೂಲಾಗಬೇಕಾದುದರಿಂದ, ಮೇಲ್ಮನವಿಯ ಮಾತೆತ್ತಿದಾಗ ಕಡತ ಮೇಜಿನಿಂದ ಮೇಜಿಗೆ ಬೇಗ ಸರಿಯುತ್ತದೆ. ತಿರಸ್ಕಾರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ ಕಾರಣಸಹಿತ ಬರವಣಿಗೆಯಲ್ಲಿ ಕೇಳಿರಿ. ಮೇಲ್ಮನವಿಗೆ ಲಗತ್ತಿಸಲು ಮೊದಲು ಬೇಕಾಗುವುದು ಆ ಹಾಳೆಯೇ.